ಅತ್ತೆ ಕೇಳಿದ ಚಿಲಕ

ನಮ್ಮತ್ತೆಗೆ ಅರವತ್ತಾರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ, ಯಂತ್ರದಿಂದ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಹಾಕಿದವರು. ನಿವೃತ್ತಿಯಾದ ಮೇಲೆ "ದುಡಿದಿದ್ದು ಸಾಕು" ಎಂದು ನಾವೇ ಕೂರಿಸಿದೆವು. ಒಂದು ಲೋಟ ನೀರನ್ನೂ ಅವರ ಕೈಗೇ ತಂದುಕೊಟ್ಟೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆರು ವರ್ಷ ಹೀಗೆ ಕೂತವರು ಒಂದು ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಎದ್ದು ನಿಲ್ಲುವಷ್ಟು ಕಸುವು ಕಾಲಲ್ಲಿರಲಿಲ್ಲ. ಒಳಗಿನಿಂದ ಚಿಲಕ. ಪಕ್ಕದ ಮನೆಯ ಬಡಗಿ ಬಂದು ಬಾಗಿಲು ಒಡೆದ. ನಾನು ಟವೆಲ್ ಹೊದಿಸುವಷ್ಟರಲ್ಲಿ ಅವನು ನೋಡಿಬಿಟ್ಟಿದ್ದ. ಅತ್ತೆ ಅವತ್ತು ಊಟ ಮಾಡಲಿಲ್ಲ.

ಹೊಸ ಬಾಗಿಲಿಗೆ ನಮ್ಮವರು ಚಿಲಕ ಹಾಕಿಸಲೇ ಇಲ್ಲ. "ನಿನ್ನ ಒಳ್ಳೇದಕ್ಕೇ ಅಮ್ಮ" ಎಂದರು. ನಾನೂ ತಲೆಯಾಡಿಸಿದೆ. ಅಂದಿನಿಂದ ಅತ್ತೆ ಮಣೆಯ ಮೇಲೆ ಕೂತು, ಒಂದು ಕಾಲಿನಿಂದ ಬಾಗಿಲನ್ನು ಒತ್ತಿ ಹಿಡಿದೇ ಸ್ನಾನ ಮಾಡುತ್ತಿದ್ದರು. ಗೊತ್ತಾದಾಗ ನಾಚಿಕೆಯಾಯಿತು, ಆದರೂ ನಾನು ಬಾಯಿ ಬಿಡಲಿಲ್ಲ.

ಅವರು ಯಾರಿಗೂ ಹೇಳದೆ ಹೋಗಿ ಜಿಮ್ ಸೇರಿದರು.

"ಈ ವಯಸ್ಸಲ್ಲಿ ಪೈಲ್ವಾನ್ ಆಗ್ತೀಯಾ?" ಎಂದು ನಮ್ಮವರು ನಕ್ಕರು.

"ಆಗ್ತೀನಿ. ನಿನ್ನ ಅಪ್ಪಣೆ ಬೇಕಾ?"

ಎಷ್ಟು ಭಾರ ಎತ್ತುತ್ತೀರಿ ಎಂದು ಅಲ್ಲಿ ಕಲಿಸುವ ಹುಡುಗಿ ಕೇಳಿದಳಂತೆ. "ಒದ್ದೆ ಚಾದರ ಹನ್ನೆರಡು" ಎಂದರಂತೆ ಇವರು. ಪಾಪ, ಅವಳು ಮನೆಯಲ್ಲಿ ಚಾದರ ನೆನೆಸಿ ತೂಗಿದಳು. ಒಂದಕ್ಕೆ ಎರಡು ಕೆಜಿ. ಮಾರನೇ ದಿನ ಇಪ್ಪತ್ತನಾಲ್ಕು ಕೆಜಿ ಇಟ್ಟರೆ ಅದು ನೆಲ ಬಿಟ್ಟು ಕದಲಲಿಲ್ಲ. ಅತ್ತೆಯ ಲೆಕ್ಕ ಕೆಲಸದಲ್ಲಿದ್ದ ಕಾಲದ್ದು! ಕಡೆಗೆ ಎಂಟು ಕೆಜಿ, ಅಂದರೆ ನಾಲ್ಕೇ ಚಾದರ ಎತ್ತಿ, ಮನೆಗೆ ಬಂದು ನನ್ನ ಮೇಲೆ ಹರಿಹಾಯ್ದರು.

"ಕೂರಿಸಿ ಕೂರಿಸಿ ನನ್ನ ಎಂಟು ಚಾದರ ತಿಂದು ಹಾಕಿದ್ರಲ್ಲೇ!"

ನಾಲ್ಕು ಚಾದರದಿಂದ ಶುರು. "ಇವತ್ತು ಐದೂವರೆ" ಎಂದು ಚಪ್ಪಲಿ ಬಿಡುತ್ತಲೇ ಸಾರುತ್ತಿದ್ದರು. ಎಂಟು ತಿಂಗಳಿಗೆ ಹತ್ತಾಯಿತು. ಕುರ್ಚಿಯಿಂದ ಏಳುವಾಗ ಕೈ ಊರುವುದು ನಿಂತಿತು.

ಒಂದು ಭಾನುವಾರ ನಮ್ಮವರು ಪೇಪರ್ ಓದುತ್ತಿದ್ದಾಗ, ಅತ್ತೆ ಅವರೆದುರೇ ನೆಲದ ಮೇಲೆ ಅಂಗಾತ ಮಲಗಿದರು. ನಾನು ಗಾಬರಿಯಾಗಿ ಓಡಿದೆ.

"ಮುಟ್ಟಬೇಡ!"

ಮಗ್ಗುಲಾದರು, ಒಂದು ಮಂಡಿಯೂರಿದರು, ಏನನ್ನೂ ಹಿಡಿಯದೆ ಎದ್ದು ನಿಂತರು. ಸ್ವಲ್ಪ ಏದುಸಿರಿತ್ತು, ಅಷ್ಟೇ. ಚೀಲದಿಂದ ಹೊಸ ಚಿಲಕ ತೆಗೆದು ಪೇಪರಿನ ಮೇಲಿಟ್ಟರು.

"ಹಾಕು."

"ಮತ್ತೆ ಬಿದ್ರೆ ಏನಮ್ಮಾ ಗತಿ?"

"ಬೀಳಲ್ಲ ಅಂತ ನಾನ್ಯಾವತ್ತು ಹೇಳ್ದೆ? ಬಿದ್ರೆ ಏಳ್ತೀನಿ."

ನಮ್ಮವರು ನನ್ನ ಮುಖ ನೋಡಿದರು. ಇಷ್ಟು ದಿನ ಅವರ ಮಾತಿಗೆ ತಲೆಯಾಡಿಸಿದವಳು ನಾನೇ ತಾನೆ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಅತ್ತೆಯ ಕೈಗೇ ಕೊಟ್ಟೆ.