ಪುಸ್ತಕದ ಪುತಳಾ, ಸಿನಿಮಾದ ಪುತಳಾ

ಸಿನಿಮಾ ನೋಡಿ ಹೊರಗೆ ಬಂದು, 'ಪುಸ್ತಕದಂತೆ ಇಲ್ಲ ಬಿಡ್ರಿ' ಎಂದು ಮೂಗು ಮುರಿಯುವ ಸುಖ ಪುಸ್ತಕ ಓದಿದವರಿಗೆ ಮಾತ್ರ ಸಿಗುವಂಥದು. ನನಗೆ ಈ ಸುಖ ತಡವಾಗಿ ಸಿಕ್ಕಿತು. ಮೀಸೆ ಮೂಡುವ ಮೊದಲೇ ಶಾಲೆ ಬಿಟ್ಟು ಮಗ್ಗದ ಮುಂದೆ ನಿಂತವನು ನಾನು. ಇವತ್ತು ಬೋರಗಾಂವದಲ್ಲಿ ನನ್ನವೇ ನಾಲ್ಕು ಪವರ್‌ಲೂಮ್ ಇವೆ, ನಾಲ್ಕೂ ನನ್ನ ಬೆವರಿನವು. ಈ ಮಾತಿಗೂ ಸಿನಿಮಾಕ್ಕೂ ಸಂಬಂಧವಿಲ್ಲ. ಆದರೆ ನಾನು ಇದನ್ನು ಎಲ್ಲ ಕಡೆಯೂ ಹೇಳುತ್ತೇನೆ, ಇಲ್ಲಿ ಬಿಟ್ಟರೆ ಸರಿಯಾಗುವುದಿಲ್ಲ.

ಮೂಲಕ್ಕೆ ತಪ್ಪದೆ ನಡೆಯುವುದು ಅಂದರೇನು ಎಂದು ನನಗೆ ಕಲಿಸಿದವನು ಇಚಲಕರಂಜಿಯ ವ್ಯಾಪಾರಿ. ಅವನು ಅಂಗೈ ಅಗಲದ ಬಟ್ಟೆಯ ತುಂಡು ಕೊಟ್ಟು, "ಹಿಂಗ ಆಗ್ಬೇಕ್ರಿ" ಅನ್ನುತ್ತಾನೆ. ನೇಯ್ದು ಒಯ್ದರೆ ಸಣ್ಣ ಭೂತಗನ್ನಡಿ ಹಚ್ಚಿ ಎಳೆ ಎಣಿಸುತ್ತಾನೆ. ಎಳೆ ಕಡಿಮೆ ಬಿದ್ದರೆ ಬಟ್ಟೆ ವಾಪಸು. ಒಮ್ಮೆ ನಾನು, "ಸಾವಕಾರ್ರ, ನಮೂನಿಗಿಂತ ಚಂದ ಬಂದೈತಲ್ರಿ" ಎಂದೆ. "ನಾ ಚಂದ ಬೇಕಂತ ಕೇಳಿಲ್ಲ, ಹಂಗ ಬೇಕಂತ ಕೇಳೇನಿ" ಎಂದ. ಅಂದಿನಿಂದ ಸಿನಿಮಾದವರ ವಿಷಯದಲ್ಲಿಯೂ ನಾನು ಭೂತಗನ್ನಡಿಯ ಪಕ್ಷದವನು.

ಈ ಪಕ್ಷವನ್ನು ನಾನು ಒಂದೇ ಒಂದು ಸಲ ಬಿಟ್ಟೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ನನ್ನ ಮಗಳು ವೈಶಾಲಿ ನಿಪ್ಪಾಣಿಯಲ್ಲಿ ಬಿ.ಕಾಂ. ಓದುತ್ತಾಳೆ. ಅವಳ ವಯಸ್ಸಿನ ಹುಡುಗರೆಲ್ಲ ಒಂದು ಇಂಗ್ಲಿಷ್ ಕಾದಂಬರಿಯ ಹಿಂದೆ ಬಿದ್ದಿದ್ದರು. ಮುಂದೆ ಬರಲಿರುವ ಕೆಟ್ಟ ಕಾಲದ ಕಥೆಯಂತೆ. 'ಕನ್ನಡದಾಗಿದ್ರ ನಾನೂ ಓದ್ತಿದ್ನಿ' ಎಂದು ಬಾಯಿತಪ್ಪಿ ಅಂದೆ. ಮರುವಾರವೇ ಅದರ ಕನ್ನಡ ಅನುವಾದ ತಂದು ಕೈಗಿಟ್ಟಳು. ಮೈಯಲ್ಲಿ ಸೊಕ್ಕಿದ್ದವನಿಗೆ ಹಿಂದೆ ಸರಿಯಲು ಬರುವುದಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತಾಗೊಮ್ಮೆ ಓದಿದೆ. ನಮ್ಮ ಕರೆಂಟಿನ ದಯೆಯಿಂದ ಪುಸ್ತಕ ಬೇಗ ಮುಗಿಯಿತು.

ಕಥೆ ಇಷ್ಟು. ಎತ್ತರದ ಗೋಡೆಯೊಳಗೆ ಒಂದು ಊರು. ಅಲ್ಲಿ ನೀರಿಗೆ ಪಾಳಿ, ಕರೆಂಟು ಸರಕಾರ ಹೇಳಿದ ಹೊತ್ತಿಗೆ ಮಾತ್ರ. ಓದುವವರು ಇಲ್ಲಿಗೆ ನಡುಗಬೇಕು ಎಂದು ವೈಶಾಲಿ ಹೇಳಿದ್ದಳು. ಹೊತ್ತನ್ನು ಮೊದಲೇ ತಿಳಿಸುವ ಸರಕಾರ ಅದು ಎಂದು ನನಗೆ ಗೌರವವೇ ಹುಟ್ಟಿತು. ಹನ್ನೆರಡು ತುಂಬಿದ ಮಕ್ಕಳು ಮುಂದೆ ಯಾವ ಕೆಲಸ ಮಾಡಬೇಕೆಂಬುದನ್ನು ಅಲ್ಲಿ ಒಂದು ಯಂತ್ರ ತೀರ್ಮಾನಿಸುತ್ತದೆ. ನನ್ನ ವಿಷಯದಲ್ಲೂ ಯಂತ್ರವೇ ತೀರ್ಮಾನಿಸಿತ್ತು, ಅಪ್ಪನ ಹಳೆಯ ಮಗ್ಗ. ಹೀಗಾಗಿ ಲೇಖಕರು ಹೆದರಿಸಿದಲ್ಲೆಲ್ಲ ನಾನು ತಲೆಯಾಡಿಸುತ್ತ ಮುಂದೆ ಹೋದೆ. ಒಂದು ಹುಡುಗಿ ಆ ಊರು ಬಿಟ್ಟು ಓಡುತ್ತಾಳೆ. ದಾರಿಯಲ್ಲಿ ಅವಳಿಗೆ ಯಾರೂ ಇಲ್ಲದ ಒಂದು ಸಣ್ಣ ಕೂಸು ಜೊತೆಯಾಗುತ್ತದೆ. ಇಬ್ಬರೂ ಗೋಡೆಯ ಕಡೆಗೆ ನಡೆಯುತ್ತಾರೆ.

ನಾನು ಒಬ್ಬನೇ ಓದುತ್ತಿರಲಿಲ್ಲ. ನೂಲು ಸುತ್ತಲು ಈಗ ಎಲ್ಲರ ಮನೆಯಲ್ಲೂ ಯಂತ್ರವಿದ್ದರೂ ಅವ್ವ ತನ್ನ ಕೈರಾಟಿ ಬಿಟ್ಟಿಲ್ಲ. ಕರೆಂಟ್ ಹೋಗಿ ಇಡೀ ಶೆಡ್ಡು ಸುಮ್ಮನಾದಾಗ ಅವಳ ರಾಟಿಯೊಂದೇ ತಿರುಗುತ್ತಿರುತ್ತದೆ. "ಒಬ್ಬನ ಏನ್ ಓದಾಕತ್ತೀಲೇ, ಬಾಯಿ ತೆರದ ಹೇಳು" ಎಂದಳು. ಅವ್ವನಿಗೆ ಓದು ಬರುವುದಿಲ್ಲ, ತಕರಾರು ಚೆನ್ನಾಗಿ ಬರುತ್ತದೆ.

"ಅಲ್ಲಿ ಮಂದಿ ಏನ್ ತಿಂತಾರ?"

"ಕೊಳವಿಯೊಳಗಿನ ಹಿಟ್ಟಬೇ, ಹಿಂಡಿಕೊಂಡು ತಿಂತಾರ."

"ಹಲ್ಲುಜ್ಜೂದನ್ನ ಹೇಳಾಕತ್ತೀ ಏನ? ಸರಿಯಾಗಿ ಓದು."

ಮತ್ತೆ ಓದಿದಂತೆ ಮಾಡಿ, ಜೋಳದ ರೊಟ್ಟಿ ಎಂದೆ. ಅವ್ವ ಒಪ್ಪಿದಳು. ಎಳೆ ತಪ್ಪಿದ್ದು ಅಲ್ಲಿಂದ. ಆ ಪರದೇಶದ ಹೆಸರುಗಳು ಅವಳ ನಾಲಿಗೆಗೆ ಹೊರಳಲಿಲ್ಲ. ಓಡಿಹೋದ ಹುಡುಗಿಗೆ ಶೇವಂತಾ ಎಂದು ಹೆಸರಿಟ್ಟಳು. ಸಣ್ಣ ಕೂಸಿನ ಸರದಿ ಬಂದಾಗ ರಾಟಿ ನಿಲ್ಲಿಸಿದಳು. "ಪುತಳಾ ಅನ್ನೂಣು" ಎಂದಳು.

ಪುತಳಾ ನನ್ನ ಅಕ್ಕ. ನಾನು ಹುಟ್ಟುವ ಮೊದಲೇ ಜ್ವರ ಬಂದು ಹೋದ ಕೂಸು. ಆ ಹೆಸರು ಅವ್ವನ ಬಾಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ದಿನವೂ ಕೇಳಿದೆ. ಪುತಳಾ ಉಂಡಳೇ, ಪುತಳಾಗೆ ಚಪ್ಪಲಿ ಇದೆಯೇ, ಆ ಶೇವಂತಾ ಕೂಸಿನ ಕೈ ಬಿಟ್ಟು ಮುಂದೆ ಮುಂದೆ ನಡೆಯುತ್ತಾಳಲ್ಲ, ಬುದ್ಧಿ ಇದೆಯೇ. ಕರೆಂಟ್ ಬಂದು ಮಗ್ಗ ಸದ್ದು ಮಾಡಿದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ನೇಕಾರರ ಮನೆಯಲ್ಲಿ ಕರೆಂಟ್ ಬಂತೆಂದು ಬೇಸರಪಟ್ಟವರು ಅವಳೊಬ್ಬಳೇ ಇರಬೇಕು.

ಪುಸ್ತಕದ ಕೊನೆಗೆ, ಗೋಡೆ ಇನ್ನು ಕೂಗಳತೆಯಲ್ಲಿದೆ ಅನ್ನುವಾಗ, ಆ ಕೂಸು ಸಾಯುತ್ತದೆ.

ನಾನು ಆ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತೆ. ಅವ್ವ, "ಮುಂದ?" ಎಂದಳು. ಗೋಡೆ ದಾಟಿದರಬೇ ಎಂದೆ. "ಇಬ್ಬರೂ?" ಇಬ್ಬರೂ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನೂಲು ಸುತ್ತತೊಡಗಿದಳು. ನಾನು ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ.

ಮಳೆಗಾಲದ ಹೊತ್ತಿಗೆ ಸಿನಿಮಾ ಬಂತು. ಹಿಂದಿಗೆ ಡಬ್ಬಿಂಗ್ ಆಗಿ ನಿಪ್ಪಾಣಿಯ ಥಿಯೇಟರಿಗೇ ಬಂತು. ವೈಶಾಲಿ ಮೂರು ಟಿಕೇಟು ತೆಗೆಸಿದಳು, ಮೂರನೆಯದು ಅವಳ ಆಯಿಗೆ, ಅಂದರೆ ನನ್ನ ಅವ್ವನಿಗೆ. ಅವ್ವ ಆಗಲೇ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿ ಕೂತಿದ್ದಳು. "ಪುತಳಾನ್ನ ನೋಡಾಕ ಹೊಂಟೇನಿ" ಎಂದು ಓಣಿಗೆಲ್ಲ ಹೇಳಿದ್ದಳು. ನಾನು ಮೊಣಕಾಲು ನೋವು, ಜಿಟಿಜಿಟಿ ಮಳೆ, ಮಗ್ಗದ ರಿಪೇರಿ ಎಲ್ಲವನ್ನೂ ಹೇಳಿ ನೋಡಿದೆ. ಮೊಣಕಾಲು ಅವಳದು. ನೋವಿಲ್ಲ ಎಂದಳು.

ಥಿಯೇಟರಿನಲ್ಲಿ ನಾನು ಜೀವಮಾನದಲ್ಲಿ ಮೊದಲ ಬಾರಿಗೆ, ಸಿನಿಮಾ ಪುಸ್ತಕದಂತೆ ಇರದಿರಲಿ ಎಂದು ದೇವರನ್ನು ಬೇಡಿಕೊಂಡೆ. ಶುರುವಿನಲ್ಲಿ ದೇವರು ಕೇಳಿಸಿಕೊಂಡ. ಪುಸ್ತಕದ ಶೇವಂತಾಳ ಕೆನ್ನೆಯ ಮೇಲೆ ಸುಟ್ಟ ಕಲೆಯಿತ್ತು, ಸಿನಿಮಾದವಳ ಕೆನ್ನೆ ಬೆಣ್ಣೆಯ ಹಾಗೆ. ಉಪವಾಸ ಬಿದ್ದ ಊರಿನ ಜನರೆಲ್ಲ ತಾಲೀಮು ಮಾಡಿದವರಂತೆ ದಪ್ಪ ತೋಳಿನವರು. ಕೆಲಸ ಹಂಚುವ ಯಂತ್ರವನ್ನೇ ತೆಗೆದುಹಾಕಿ ಅದರ ಜಾಗದಲ್ಲಿ ಸೂಟು ಹಾಕಿದ ಒಬ್ಬನನ್ನು ನಿಲ್ಲಿಸಿದ್ದರು. ಪುಸ್ತಕದಲ್ಲಿ ನಡೆದುಹೋದವರು ಇಲ್ಲಿ ಮೋಟರ್‌ಸೈಕಲ್ಲಿನ ಮೇಲೆ ಹೋದರು.

"ಎಲ್ಲಾ ಹಾಳು ಮಾಡ್ಯಾರ ಪಪ್ಪಾ" ಎಂದು ವೈಶಾಲಿ ಹಲ್ಲು ಕಡಿದಳು.

"ಮಾಡಲಿ ಬಿಡವಾ" ಎಂದೆ. ಒಂದೊಂದು ಎಳೆ ತಪ್ಪಿದಾಗಲೂ ನನ್ನ ಜೀವ ಹಗುರಾಗುತ್ತಿತ್ತು. ಇಷ್ಟೆಲ್ಲ ಬದಲಿಸಿದ ಪುಣ್ಯಾತ್ಮರು ಒಂದು ಕೂಸನ್ನು ಬದುಕಿಸಲಾರರೇ?

ಅವ್ವನ ತಕರಾರು ಬೇರೆಯೇ ಇತ್ತು. "ರೊಟ್ಟಿ ಎಲ್ಲಿ ಅದಾವಲೇ?" ಎಂದು ಜೋರಾಗಿ ಕೇಳಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಪುತಳಾ ಪರದೆಯ ಮೇಲೆ ಬಂದಾಗ ಮಾತ್ರ ಅವ್ವ ತಕರಾರು ನಿಲ್ಲಿಸಿದಳು. ಆ ಹುಡುಗಿಗೆ ಬೆಳ್ಳಗಿನ ಕೂದಲು, ನೀಲಿ ಕಣ್ಣು. "ಹಂಗ ಅದಾಳ" ಎಂದಳು. ಹೇಗೆ ಎಂದು ನಾನು ಕೇಳಲಿಲ್ಲ.

ಇಡೀ ಪುಸ್ತಕದಲ್ಲಿ ಒಂದೇ ಒಂದು ಪುಟವನ್ನು ಸಿನಿಮಾದವರು ಎಳೆ ತಪ್ಪದಂತೆ ನೇಯ್ದಿದ್ದರು. ಅದೇ ಗೋಡೆ, ಅದೇ ಮಂಜು, ಶೇವಂತಾಳ ತೊಡೆಯ ಮೇಲೆ ಅದೇ ತಲೆ. ಇಚಲಕರಂಜಿಯ ವ್ಯಾಪಾರಿ ಬಂದು ಎಣಿಸಿದ್ದರೂ ಮಾತಿಲ್ಲದೆ ಒಪ್ಪುತ್ತಿದ್ದ.

"ಮಲಗ್ಯಾಳಬೇ" ಎಂದೆ.

"ಮಲಗಿದವ್ರನ್ನೂ ನೋಡೇನಿ, ಹೋದವ್ರನ್ನೂ ನೋಡೇನಿ" ಎಂದಳು ಅವ್ವ. ಆಮೇಲೆ ಎದ್ದೇ ನಿಂತಳು. "ಇದು ಸುಳ್ಳ! ಪುಸ್ತಕದಾಗ ಹಿಂಗಿಲ್ಲ. ನನ್ನ ಮಗ ಓದ್ಯಾನ. ಪುತಳಾ ಗೋಡಿ ದಾಟ್ಯಾಳ!"

ಯಾರೋ ಹಿಂದಿನಿಂದ ಕೂತ್ಕೋರಿ ಎಂದು ಕೂಗಿದರು. ವೈಶಾಲಿ ಅವಳ ಕೈ ಹಿಡಿದು ಕೂರಿಸುತ್ತ, ಸಮಾಧಾನ ಮಾಡುವವಳಂತೆ, "ಇಲ್ಲ ಆಯಿ, ಇದೊಂದು ಮಾತ್ರ ಪುಸ್ತಕದಾಗ ಇದ್ದಂಗ ತೋರಿಸ್ಯಾರ. ಅಲ್ಲೂ ಸಾಯ್ತಾಳ" ಎಂದಳು. ಪಾಪ, ಶೆಡ್ಡಿನಲ್ಲಿ ನಾನು ಹೇಳಿದ ಕಥೆ ಅವಳಿಗೆ ಗೊತ್ತಿರಲಿಲ್ಲ.

ಅವ್ವ ನನ್ನ ಕಡೆ ತಿರುಗಿದಳು. ಕತ್ತಲಲ್ಲಿ ಅವಳ ಕಣ್ಣು ಕಾಣುತ್ತಿರಲಿಲ್ಲ, ಕೈ ಮಾತ್ರ ನನ್ನ ಮಣಿಕಟ್ಟು ಹಿಡಿದಿತ್ತು. "ಏನಂತಾಳ ಇಕಿ? ಓದಿದಾಂವ ನೀನು. ಹೇಳು."

ಒಂದಕ್ಷರ ಬಿಡದೆ ಓದಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

"ಆಕಿ ಓದಿದ್ದು ಇಂಗ್ಲಿಷ್ ಪುಸ್ತಕಬೇ" ಎಂದೆ. "ಇಂಗ್ಲಿಷಿನ್ಯಾಗ ಸಾಯ್ತಾಳ. ನಾ ಓದಿದ್ದು ಕನ್ನಡದ್ದು. ಕನ್ನಡದಾಗ ಬದುಕ್ಯಾಳ."

ವೈಶಾಲಿ ನನ್ನನ್ನು ನೋಡಿದಳು. ಕನ್ನಡದ ಪುಸ್ತಕ ತಂದುಕೊಟ್ಟವಳೇ ಅವಳು, ನನಗಿಂತ ಮೊದಲು ಅದನ್ನೂ ಓದಿದವಳು. ಅವ್ವ ನನ್ನ ಮಣಿಕಟ್ಟನ್ನು ಬಿಡದೆ ಹಿಡಿದಿದ್ದುದನ್ನೂ ನೋಡಿದಳು.

"ಹೌದ ಆಯಿ" ಎಂದಳು. "ನಾನು ಇಂಗ್ಲಿಷಿಂದು ಹೇಳಿದ್ನಿ. ಕನ್ನಡದಾಗ ಗೋಡಿ ದಾಟತಾಳ."

ಅವ್ವನ ಹಿಡಿತ ಸಡಿಲಾಯಿತು. "ಮತ್ತ! ನಮ್ಮ ಮಂದಿ ಕೂಸಿನ ಕಿಮ್ಮತ್ತು ತಿಳದವ್ರು" ಎಂದು ಕಾಲು ಮಡಚಿ ಕೂತು, ಉಳಿದ ಸಿನಿಮಾವನ್ನು ತಪ್ಪು ಲೆಕ್ಕ ನೋಡುವ ಮಾಸ್ತರರ ಹಾಗೆ ನೋಡಿದಳು.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ರಾಟಿ ತಿರುಗಿತು. "ಪುಸ್ತಕ ತಗೀ" ಎಂದಳು ಅವ್ವ. "ಗೋಡಿ ದಾಟಿದ ಮ್ಯಾಲೆ ಪುತಳಾ ಎಲ್ಲಿ ಅದಾಳ? ಸಾಲಿಗೆ ಹೊಂಟಾಳೋ ಇಲ್ಲೋ?"

ಪುಸ್ತಕ ತೆಗೆದೆ. ಕಥೆ ಮುಗಿದ ಮೇಲೆ, ರಟ್ಟಿಗೆ ಅಂಟಿಕೊಂಡು ಏನೂ ಅಚ್ಚಾಗದ ಒಂದು ಬಿಳಿ ಹಾಳೆ ಇತ್ತು. ಅದನ್ನು ಮುಂದೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದೆ. ಆ ಹಾಳೆಯನ್ನು ಮಾತ್ರ ಒಂದಕ್ಷರವೂ ಬಿಡದೆ ಓದಿದ್ದೇನೆ.