ಅರಮನೆಯಿಲ್ಲದ ಊರು

ಸ್ವೀಡನ್ನಿನ ಕಿಸ್ಟಾದಲ್ಲಿರುವ ತಂಗಿಯ ಮಗಳು ಮೇಘಾಳ ಶಾಲೆಯಲ್ಲಿ ಇಂದು ಮಕ್ಕಳ ಪ್ರದರ್ಶನ. ಸುತ್ತಲೂ ಪಿರಮಿಡ್ಡು, ಕೋಟೆಗಳ ಮಾದರಿಗಳು. ನಮ್ಮ ಹುಡುಗಿಯದು ಸಿಂಧೂ ಕಣಿವೆಯ ಮೊಹೆಂಜೊದಾರೊ: ಬಣ್ಣ ಬಳಿದ ಜೇಡಿಮಣ್ಣಿನ ಪುಟ್ಟ ಮನೆಗಳು, ಮನೆಗೊಂದು ಬಚ್ಚಲು, ಬೀದಿಯುದ್ದಕ್ಕೂ ಚರಂಡಿ.

ಟೀಚರ್ ಬಗ್ಗಿ ನೋಡಿ, ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, "ಚೆನ್ನಾಗಿದೆ. ಆದರೆ ರಾಜನ ಅರಮನೆಯೇ ಇಲ್ಲ, ಖಾಲಿ ಕಾಣುತ್ತದೆ" ಎಂದರು.

ಮೇಘಾಳ ಮುಖ ಸಪ್ಪಗಾಯಿತು. ಉಳಿದ ಮಣ್ಣಿಗೆ ಕೈ ಹಾಕಿದಳು. "ದೊಡ್ಡಮ್ಮ, ಒಂದು ಪ್ಯಾಲೇಸ್ ಮಾಡಿಬಿಡ್ಲಾ? ಅಲ್ಲಿ ಅಗೆದಾಗ ಸಿಕ್ಕೇ ಇಲ್ಲ, ಬಟ್ ಟೀಚರ್‌ಗೆ ಬೇಕಂತೆ."

"ಇಲ್ದೇ ಇರೋದನ್ನ ಯಾಕೆ ಕಟ್ತೀಯೆ? ತೆಗಿ ಕೈ."

ಕಾನ್ವೆಂಟಿನಲ್ಲಿ ಟೀಚರಿಗೆ ಎದುರಾಡದೆ ಬೆಳೆದವಳು ನಾನು. ಆದರೆ ನಮ್ಮ ಬಚ್ಚಲಿಗೆ ನೆಲ ಹಾಕಿದ ದಿನ, ಗಾರೆಯವರ ಎದುರೇ ಚೊಂಬು ನೀರು ಸುರಿದು, ಹರಿದುಹೋಗುವಷ್ಟು ವಾಟ ಇದೆಯೇ ಎಂದು ನೋಡಿದವಳೂ ಹೌದು. ಶಾಲೆಯವರು ಕಾಫಿಯ ಜೊತೆ ಕೊಟ್ಟಿದ್ದ ಲೋಟದ ನೀರನ್ನು ಮೇಘಾಳ ಊರಿನ ಮೂಲೆಮನೆಯ ಬಚ್ಚಲಿಗೆ ಸುರಿದೇಬಿಟ್ಟೆ. ನೀರು ಎಲ್ಲೂ ನಿಲ್ಲದೆ ಚರಂಡಿಗಿಳಿದು, ಬೀದಿಗುಂಟ ಹರಿದು, ಮೇಜಿನಂಚಿನಿಂದ ತೊಟ್ಟಿಕ್ಕಿತು. ಎಷ್ಟು ಸರಿಯಾಗಿ ವಾಟ ಕೊಟ್ಟಿದ್ದಳು ಹುಡುಗಿ!

"ಒಬ್ಬನಿಗೆ ಅರಮನೆ ಕಟ್ಟುವ ಬದಲು ಇಷ್ಟು ಮನೆಗಳಿಗೆ ಬಚ್ಚಲು ಕಟ್ಟಿದ ಊರು ಇದು. ಖಾಲಿ ಅನ್ನಬೇಡಿ," ಎಂದೆ ಟೀಚರಿಗೆ. ದನಿ ತಗ್ಗಿಸಲಿಲ್ಲ.

ಟೀಚರ್ ಪೇಪರ್ ಟವಲ್ ತಂದು ಬಗ್ಗಿದರು. ಮೇಘಾ ಅಡ್ಡ ನಿಂತು ಸ್ವೀಡಿಷಿನಲ್ಲಿ ಏನೋ ಗಟ್ಟಿಯಾಗಿ ಹೇಳಿದಳು.

"ಏನಂದೆ?"

"ಈಗ್ಲೇ ಒರೆಸ್ಬೇಡಿ, ಎಲ್ರೂ ನೋಡ್ಲಿ ಅಂದೆ."