ಸರ್ವರಿಗೆ ಹಚ್ಚಿದ ವಿಭೂತಿ

ಆಗಿನ ದಿನಗಳೆಂದರೆ ಬಹಳ ಹಿಂದಿನವೇನಲ್ಲ. ಶಾಲೆಗಳಿಗೆ ಬೀಗ ಬಿದ್ದು ಮಾಸ್ತರರೆಲ್ಲ ಮೊಬೈಲಿನೊಳಗೆ ಸೇರಿಕೊಂಡಿದ್ದ ವರ್ಷ ಅದು. ನಾನಾಗ ಎಂಟನೆಯ ತರಗತಿ. ಗಂಗಾವತಿಯ ನಮ್ಮ ಓಣಿಯಲ್ಲಿ ಕುಂಟಾಬಿಲ್ಲೆ ಆಡಲು ನಿಂತರೂ ಹಿರಿಯರು "ದೂರ ದೂರ ನಿಂದರ್ರಿ" ಎಂದು ಗದರುತ್ತಿದ್ದರು. ದೂರ ನಿಂತು ಕುಂಟಾಬಿಲ್ಲೆ ಆಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ನನ್ನ ಅಪ್ಪ ಅಕ್ಕಿ ಗಿರಣಿಯೊಂದರ ವೇಬ್ರಿಜ್‌ನಲ್ಲಿ ಕೆಲಸಕ್ಕಿದ್ದ. ಭತ್ತದ ಲಾರಿ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಂತರೆ ತೂಕ ನೋಡಿ ಚೀಟಿ ಕೊಡುವುದು ಅವನ ಕೆಲಸ. ನಮ್ಮ ಕಡೆ ಲಾರಿ ತೂಗುವುದಕ್ಕೆ ಕಾಟಾ ಅನ್ನುತ್ತಾರೆ, ಹಾಗಾಗಿ ಊರಿಗೆಲ್ಲ ಅವನು ಕಾಟಾ ಈರಣ್ಣ. ಆ ವರ್ಷ ಗಿರಣಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಸಾವ್ಕಾರರು "ಮಗಳಿಗೆ ಬರತೈತಿ, ಒಯ್ಯೋ ಈರಣ್ಣ" ಎಂದು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ. ಮುಚ್ಚಳ ತೆಗೆದರೆ ಒಳಗೆ ಬೊಗಸೆ ತೌಡು! ಎಷ್ಟು ಒರೆಸಿದರೂ ಹೋಗಲಿಲ್ಲ. ಯಂತ್ರ ಬಿಸಿಯಾದಾಗಲೆಲ್ಲ ಮನೆ ತುಂಬ ತೌಡಿನ ವಾಸನೆ. ಎಮ್ಮೆ ಕಟ್ಟಿದವರಿಗೆ ಆ ವಾಸನೆ ಎಂಥದೆಂದು ಹೇಳಬೇಕಿಲ್ಲ.

ಈ ಮುದಿ ಯಂತ್ರದಲ್ಲಿ ನಾವು ಆಟದ ಸರ್ವರ್ ಇಟ್ಟೆವು. ಸರ್ವರ್ ಎಂದರೆ ರೇಷನ್ ಅಂಗಡಿಗೆ ಹೋದಾಗ 'ಇಲ್ಲ' ಅನ್ನಿಸಿಕೊಳ್ಳುವ ವಸ್ತು ಎಂದಷ್ಟೇ ತಿಳಿದವರಿದ್ದಾರೆ. ನಮ್ಮದು ಸಣ್ಣದು. ಚೌಕ ಇಟ್ಟಿಗೆಗಳನ್ನು ಪೇರಿಸಿ ಊರು ಕಟ್ಟುವ ಒಂದು ಆಟ, ಆ ಊರು ಇರುವುದು ನಮ್ಮ ಕಂಪ್ಯೂಟರಿನೊಳಗೆ. ಅದು ನಡೆಯುತ್ತಿದ್ದರೆ ಗೆಳೆಯರು ತಮ್ಮ ತಮ್ಮ ಮನೆಯಿಂದ ಮೊಬೈಲಿನಲ್ಲಿ ಊರೊಳಗೆ ಬರಬಹುದು. ಅದು ನಿಂತರೆ ಊರೂ ಇಲ್ಲ. ವಿಡಿಯೋ ನೋಡಿ ಇದನ್ನೆಲ್ಲ ಕಲಿತು ಹೊಂದಿಸಿದವಳು ಹಿಂದಿನ ಓಣಿಯ ಗೌಸಿಯಾ. ಜಾಣೆ ಅವಳು, ನಾನು ಬರೀ ಜಾಗ ಕೊಟ್ಟವಳು.

ಗಿರಣಿ ಸಾವ್ಕಾರರ ಮಗ ವಿನಯ ನಮ್ಮ ತರಗತಿಯವನೇ. ಅವನ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇತ್ತು. ಹಗಲೂ ರಾತ್ರಿ ಅದನ್ನು ಹಚ್ಚಿಡಲು ಅವರಪ್ಪ ಬಿಡುತ್ತಿರಲಿಲ್ಲ. ನಮ್ಮದಕ್ಕೆ ಆ ಚಿಂತೆ ಇರಲಿಲ್ಲ, ಕೆಟ್ಟರೆ ಕೆಟ್ಟಿತು. ಹೀಗಾಗಿ ವಿನಯ ನಮ್ಮ ಊರಿನಲ್ಲಿ ಗಿರಣಿ ಕಟ್ಟಬೇಕೆಂದರೆ ನನ್ನನ್ನು ಕೇಳಬೇಕಾಗಿತ್ತು. "ಕಾಲುವಿ ದಂಡಿಗಿ ಜಾಗ ಕೊಡಲೇ ಸವಿತಾ" ಎಂದು ಅವನು ಗೋಗರೆದರೆ ನಾನು "ನೋಡೋಣು" ಅನ್ನುತ್ತಿದ್ದೆ. ಆ 'ನೋಡೋಣು' ಅನ್ನುವಾಗಿನ ಖುಷಿ ಇವತ್ತಿಗೂ ನಾಲಿಗೆಯ ಮೇಲಿದೆ. ಅವರಪ್ಪನ ಮುಂದೆ ನನ್ನಪ್ಪ ಕೈ ಕಟ್ಟಿ ನಿಲ್ಲುವುದನ್ನು ನೋಡಿ ಬೆಳೆದವಳು ನಾನು. ಅಲ್ಲಿ ಮಾತ್ರ ನಾನೇ ಸಾವ್ಕಾರ್ತಿ.

ಸರ್ವರ್ ಒಂದು ಎಸಿ ಕೋಣೆಯಲ್ಲಿದೆ ಎಂದು ನಾನು ಬೊಗಳೆ ಬೇರೆ ಬಿಟ್ಟಿದ್ದೆ. ಒಂದು ದಿನ ವಿನಯ ಹೇಳದೆ ಕೇಳದೆ ನೋಡಲು ಬಂದ. ಅಕ್ಕಿ ಡಬ್ಬಿಯ ಪಕ್ಕ, ಸ್ಟೂಲಿನ ಮೇಲೆ, ಹೊಟ್ಟೆ ತೆರೆದುಕೊಂಡು ಕೂತಿತ್ತು ನಮ್ಮ ಸರ್ವರ್. ಕಾವು ತಡೆಯದೆಂದು ಪಕ್ಕದ ಮುಚ್ಚಳ ತೆಗೆದು, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದ್ದೆವು. ಅವ್ವ ಒಲೆಯ ಮುಂದಿನಿಂದಲೇ, "ನೋಡಪಾ ತಮ್ಮಾ, ಮಿಷನ್ನಿಗೆ ಗಾಳಿ, ನನಗ ಬೆವರು" ಅಂದಳು. ವಿನಯ ನಕ್ಕ. ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೂ ಒಗ್ಗರಣಿ ಮಿರ್ಚಿ ತಿಂದು ಹೋದವನು ಮತ್ತೆ ಮತ್ತೆ ಬರತೊಡಗಿದ. ಅಪ್ಪನನ್ನು ಕಾಕಾ ಎನ್ನುತ್ತಿದ್ದ, ಅಪ್ಪ ಅವನನ್ನು ತಮ್ಮಾ ಎನ್ನುತ್ತಿದ್ದ.

ಅಪ್ಪನಿಗೆ ಆ ಊರೆಂದರೆ ಭಾರೀ ಪ್ರೀತಿ. ಕೆಲಸದಿಂದ ಬಂದು ಕೈಕಾಲು ತೊಳೆದವನೇ ನನ್ನ ಹಿಂದೆ ಕೂರುತ್ತಿದ್ದ. "ಇವತ್ತ ಯಾರ್‍ಯಾರು ಬಂದಾರವಾ?" ಎಂದು, ಪಡಸಾಲೆಗೆ ನೆಂಟರು ಬಂದಿರುವಂತೆ ಕೇಳುತ್ತಿದ್ದ. ಗೌಸಿಯಾ ಅವನಿಗಾಗಿ ಊರ ಬಾಗಿಲಲ್ಲೇ ಒಂದು ಕಾಟಾ ಕಟ್ಟಿದಳು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಛಲೋ ಐತಿ. ಲಾರಿನ ಇಲ್ಲಲ್ಲವಾ ಊರಾಗ, ನಾ ಏನು ತೂಗ್ಲಿ?" ಅಂದ. ಆಡುತ್ತಲೇ ಮೊಬೈಲಿನ ಕರೆಯಲ್ಲಿ ಮಾತಾಡುತ್ತಿದ್ದ ಮಕ್ಕಳೆಲ್ಲ ಹೋ ಎಂದು ನಕ್ಕರು. ಅವನೂ ನಕ್ಕ. ಅಷ್ಟು ಮಂದಿಯ ನಡುವೆ ಅಪ್ಪ ಅಷ್ಟು ಸಲೀಸಾಗಿ ಕೂತದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಖಂಡೇನವಮಿ ಬಂತು. ಅವತ್ತು ಗಿರಣಿಯಲ್ಲಿ ಯಂತ್ರಗಳಿಗೆ ಪೂಜೆ. ಮೋಟಾರು, ಬೆಲ್ಟು, ಕಾಟಾ ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಚೆಂಡುಹೂ ಏರಿಸುತ್ತಾರೆ. ಪೂಜೆಗೆ ಕೂತ ಯಂತ್ರವನ್ನು ಅವತ್ತು ನಡೆಸುವಂತಿಲ್ಲ. ನಾನು ಗೌಸಿಯಾಳ ಮನೆಗೆ ಹೋಳಿಗೆ ಕೊಟ್ಟು ಬರಲು ಹೋಗಿದ್ದೆ. ತಿರುಗಿ ಬಂದರೆ ಫ್ಯಾನಿನ ಸದ್ದಿಲ್ಲ. ಸ್ಟೂಲಿನ ಕೆಳಗೆ ರಂಗೋಲಿ. ಸರ್ವರಿನ ಹಣೆಗೆ ಮೂರು ಬೆರಳಿನ ವಿಭೂತಿ, ನೆತ್ತಿಗೆ ಹೂವಿನ ಸರ. ಮುಚ್ಚಳ ತೆರೆದೇ ಇತ್ತಲ್ಲ, ಅಪ್ಪ ಒಳಗಿನ ಒಂದೊಂದು ಭಾಗಕ್ಕೂ ನೀರಲ್ಲಿ ಕಲಸಿದ ವಿಭೂತಿ ಹಚ್ಚಿ, ತಂಬಿಗೆಯ ನೀರನ್ನು ಹೂವಿನಿಂದ ಪ್ರೋಕ್ಷಣೆ ಮಾಡಿದ್ದ.

"ಇದೇನಪ್ಪಾ?" ಅಂದೆ.

"ಗಿರಣ್ಯಾಗ ಎಲ್ಲಾ ಮಿಷನ್ನಿಗೂ ಹಚ್ಚಿ ಬಂದೆ. ನಮ್ಮನಿ ಮಿಷನ್ನು ಏನು ಪಾಪ ಮಾಡೈತಿ? ಹಗಲು ರಾತ್ರಿ ದುಡೀತೈತಿ ಅದು. ಇವತ್ತೊಂದಿನ ಸುಮ್ಮ ಕುಂದರ್ಲಿ." ಅವನ ಮುಖದಲ್ಲಿ ಬೆಳಕಿತ್ತು. ನನಗೆ ಬಂದದ್ದು ನಾಚಿಕೆ. ಇದನ್ನು ಆ ಮಕ್ಕಳು ಕಂಡರೆ ಏನನ್ನುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಒಳಗಿನ ಹಸಿ ಆರಿತೋ ಇಲ್ಲವೋ ಎಂಬ ಯೋಚನೆ ನನಗೂ ಬರಲಿಲ್ಲ.

ಮರುದಿನ ದಶಮಿ. ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟುವ ದಿನ. ಬೆಳಿಗ್ಗೆಯೇ ವಿನಯ, ಗೌಸಿಯಾ, ಓಣಿಯ ಮಕ್ಕಳೆಲ್ಲ ನಮ್ಮ ಮನೆಗೆ ಬಂದರು. ಒಂದು ದಿನ ಊರು ಕಾಣದೆ ಎಲ್ಲರಿಗೂ ಚಡಪಡಿಕೆ. ಅಪ್ಪ ಹೊಸ ಅಂಗಿ ತೊಟ್ಟಿದ್ದ. "ತಡೀರ್ರಪಾ, ಒಳ್ಳೆ ದಿನ, ನಾನ ಒತ್ತತೀನಿ" ಎಂದು ಮುಂದೆ ಬಂದು, ಕೈಮುಗಿದು ಗುಂಡಿ ಒತ್ತಿದ.

ಚಟ್ ಎಂದಿತು. ಒಳಗೊಂದು ಕಿಡಿ, ಸಣ್ಣ ಹೊಗೆ. ಸುಟ್ಟ ವೈರಿನ ವಾಸನೆಯಲ್ಲಿ ತೌಡಿನ ವಾಸನೆ ಮುಳುಗಿಹೋಯಿತು. ಗೌಸಿಯಾ ಓಡಿ ಪ್ಲಗ್ಗು ಕಿತ್ತಳು. ಬಗ್ಗಿ ನೋಡಿ, "ಡಿಸ್ಕಿನ ಮ್ಯಾಲೆಲ್ಲ ವಿಭೂತಿ ಐತಲ್ಲೇ" ಎಂದು ಮೆಲ್ಲಗೆ ಅಂದಳು. ಆ ಊರಿನ ನಕಲು ಬೇರೆಲ್ಲೂ ಇರಲಿಲ್ಲ. ಇದ್ದದ್ದೆಲ್ಲ ಆ ಡಿಸ್ಕಿನಲ್ಲೇ.

ವಿನಯನ ಮುಖ ಕೆಂಪಾಯಿತು. ನಾನು ಕೊನೆಗೂ ಕೊಟ್ಟ ಜಾಗದಲ್ಲಿ ತಿಂಗಳುಗಟ್ಟಲೆ ಕಟ್ಟಿದ ಗಿರಣಿ ಅವನದು. ಅಪ್ಪನ ಕಡೆ ತಿರುಗಿ, "ನಿನಗ ಯಾರು ಮುಟ್ಟಂದಿದ್ರು? ತಿಳೀಲಿಲ್ಲಂದ್ರ ಸುಮ್ನಿರಬೇಕು" ಅಂದ. ಅಪ್ಪನಿಗೆ ಕೊಡಲು ತಂದ ಬನ್ನಿ ಇನ್ನೂ ಅವನ ಕೈಯಲ್ಲೇ ಇತ್ತು.

ಅವ್ವ ಹೋಳಿಗೆಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅಪ್ಪ ಗುಂಡಿಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದು ಹೊಸ ಅಂಗಿಗೆ ಒರೆಸಿಕೊಂಡ. "ತಪ್ಪಾತ್ರಿ. ನನಗ ತಿಳೀಲಿಲ್ರಿ. ಸಾವ್ಕಾರ್ರಿಗೆ ಹೇಳಬ್ಯಾಡ್ರಿ, ರಿಪೇರಿ ಮಾಡಿಸ್ತೀನಿ" ಅಂದ. ಹದಿಮೂರು ವರ್ಷದ ಹುಡುಗನ ಮುಂದೆ ಕೈ ಕಟ್ಟಿ ನಿಂತು ಅವನು ಹಾಗಂದ. ಅನ್ನುತ್ತ ಅನ್ನುತ್ತ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ವಿನಯನ ಮಾತಿಗಲ್ಲ, ಇಂಥ ಅಪ್ಪ ನನಗಿದ್ದಾನಲ್ಲ ಎಂದು. ಈಗ ಇದನ್ನು ಬರೆಯುವಾಗ ಕೈ ತಡೆಯುತ್ತದೆ.

ಬಜಾರಿನ ರಿಪೇರಿಯವನು ನೋಡಿ ತಲೆ ಅಲ್ಲಾಡಿಸಿದ. ಮಕ್ಕಳು ಹಬ್ಬದ ಹೋಳಿಗೆ ಮುಗಿಯುವುದರೊಳಗೆ ಬೇರೆ ಆಟ ಹಿಡಿದರು. ವಿನಯನೂ ಮರೆತ. ಅವನದು ಅಷ್ಟೊಂದು ಕೆಟ್ಟ ಮನಸ್ಸೇನಲ್ಲ, ಸಿಕ್ಕಾಗ ಇವತ್ತಿಗೂ ಮಾತಾಡಿಸುತ್ತಾನೆ. ಮರೆಯದವನು ಅಪ್ಪ ಒಬ್ಬನೇ. ಎಷ್ಟೋ ದಿನ, ಉಣ್ಣುತ್ತ ಕೂತವನು ತುತ್ತು ಹಿಡಿದುಕೊಂಡೇ, "ಆ ಊರು ಮತ್ತ ಕಟ್ಟಾಕ ಬರಂಗಿಲ್ಲೇನವಾ?" ಎಂದು ಕೇಳುತ್ತಿದ್ದ. "ಬಿಡಪ್ಪಾ" ಎಂದು ನಾನು ಎದ್ದು ಹೋಗುತ್ತಿದ್ದೆ.

ಈಗ ನಾನು ಡಿಗ್ರಿ ಓದುತ್ತಿದ್ದೇನೆ. ನನ್ನದೇ ಲ್ಯಾಪ್‌ಟಾಪ್ ಇದೆ. ಅಂಥ ಊರುಗಳನ್ನು ಬೇಕಾದಷ್ಟು ಕಟ್ಟಬಹುದು, ನಕಲು ಇಡುವುದನ್ನೂ ಕಲಿತಿದ್ದೇನೆ. ಆದರೆ ಕೆಲಸ ಮುಗಿಸಿ ಬಂದ ಅಪ್ಪ ನನ್ನ ಹಿಂದೆ ಕೂರುವುದಿಲ್ಲ. ಯಾರ್‍ಯಾರು ಬಂದಾರೆಂದು ಕೇಳುವುದಿಲ್ಲ. ನಾನೇ ಕರೆದು ಕೂರಿಸಿದರೂ ಕೈಗಳನ್ನು ತೊಡೆಯ ಸಂದಿನಲ್ಲಿ ಇಟ್ಟುಕೊಂಡು ದೂರದಿಂದ ನೋಡಿ, ನೀರಿನ ನೆಪ ಮಾಡಿ ಏಳುತ್ತಾನೆ.

ಹೋದ ವರ್ಷದ ಖಂಡೇನವಮಿಗೆ ನಾನೇ ಲ್ಯಾಪ್‌ಟಾಪನ್ನು ಪೂಜೆಯ ಸಾಲಿನಲ್ಲಿ ತಂದಿಟ್ಟೆ. ಅಪ್ಪ ಸೈಕಲ್ಲಿಗೆ ವಿಭೂತಿ ಹಚ್ಚಿದ, ಈಳಿಗೆಗೆ ಹಚ್ಚಿದ, ಅವ್ವನ ಹೊಲಿಗೆ ಯಂತ್ರಕ್ಕೆ ಹಚ್ಚಿದ. ಲ್ಯಾಪ್‌ಟಾಪಿನ ಮುಂದೆ ಬಂದವನು ದೂರದಿಂದಲೇ ಕೈಮುಗಿದು ಮುಂದೆ ಸರಿದ.

"ಇದಕ್ಕೂ ಹಚ್ಚಪ್ಪಾ, ಏನೂ ಆಗಂಗಿಲ್ಲ" ಅಂದೆ.

"ಬ್ಯಾಡವಾ" ಅಂದ ಅಪ್ಪ. "ಅದಕ್ಕ ಏನರ ಆದ್ರ, ಮತ್ತ ನಾ ನಿನ್ನ ಮುಂದ ಹೆಂಗ ನಿಂದರ್ಲಿ?"